ಮಾತು ಕಡಿಮೆ ಇದ್ದವನು

ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ಬಾಯಿ ಬಿಟ್ಟವರು ಮುಂದಿನ ತಿಂಗಳು ಎಲ್ಲರಿಗೂ ಚಿಕ್ಕಿ ತರಬೇಕು. ಇದು ಹೊಳಬಸಪ್ಪನವರ ಮನೆಯ ಕಾನೂನು. ಅದೂ ಎಂಥ ಚಿಕ್ಕಿ? ಪುಣೆಯ ಯಾವುದೋ ಮೂಲೆ ಅಂಗಡಿಯದನ್ನು ತಂದು ಕೈ ತೊಳೆದುಕೊಳ್ಳುವ ಹಾಗಿಲ್ಲ, ಲೋಣಾವಳಾಕ್ಕೇ ಹೋಗಿ ತರಬೇಕು. ಮಳೆಗಾಲದಲ್ಲಿ ಲೋಕಲ್ ಹತ್ತಿ, ಅಲ್ಲಿ ಇಳಿದು, ತೊಯ್ಸಿಕೊಂಡು, ಪೊಟ್ಟಣವನ್ನು ಮಾತ್ರ ನೆನೆಯದಂತೆ ತಂದು ಕೊಟ್ಟರೆ ಅಪರಾಧ ಮಾಫಿ. ಐತಿಹಾಸಿಕ ಕಾದಂಬರಿಗೆ ಈ ಕಾನೂನಿಲ್ಲ, ರಾಜ ಸತ್ತದ್ದು ಶಾಲೆಯ ಪುಸ್ತಕದಲ್ಲೇ ಇರುತ್ತದೆ. ಪ್ರೇಮಕಥೆಗೂ ಇಲ್ಲ. ಮದುವೆ ಆಗುತ್ತದೆ, ಇಲ್ಲವೇ ಆಗುವುದಿಲ್ಲ, ಅದರಲ್ಲಿ ಮುಚ್ಚಿಡುವುದು ಏನು ಬಂತು ಎಂದು ಹೊಳಬಸಪ್ಪ ಕೇಳುತ್ತಾರೆ. ಇನ್ನೊಂದು ಮಾತೂ ಉಂಟು: ಸುಳ್ಳು ಕೊಲೆಗಾರನ ಹೆಸರು ಹೇಳಿ ಜನರನ್ನು ದಿಕ್ಕು ತಪ್ಪಿಸಿದರೆ ದಂಡವಿಲ್ಲ. ಅದು ಕೀಟಲೆ, ಕೀಟಲೆಗೆ ಆ ಮನೆಯಲ್ಲಿ ಮಾಫಿ ಇದೆ.

ಹೊಳಬಸಪ್ಪ ರಬಕವಿ ಕಡೆಯವರು. ಪುಣೆಗೆ ಬಂದು ರವಿವಾರ ಪೇಠೆಯಲ್ಲಿ ಪಾತ್ರೆ ಅಂಗಡಿ ಇಟ್ಟು, ತಲೆ ಬೆಳ್ಳಗಾದ ಮೇಲೆ ಅದನ್ನು ತಮ್ಮನ ಮಗನಿಗೆ ಒಪ್ಪಿಸಿ, ಈಗ ಮನೆಯಲ್ಲಿ ಕೂತು ಪುಸ್ತಕ ಓದುತ್ತ ಹೆಂಡತಿ ರುದ್ರವ್ವನ ತಲೆ ತಿನ್ನುವುದೇ ಅವರ ಉದ್ಯೋಗ. ತಿಂಗಳ ಕೊನೆಯ ರವಿವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕನ್ನಡ ಓದುವ ನಾಲ್ಕೈದು ಮಂದಿ ಸೇರುತ್ತಾರೆ. ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳುವುದು, ಜಗಳಾಡುವುದು, ರುದ್ರವ್ವ ಕೊಟ್ಟ ಉಪ್ಪಿಟ್ಟು ತಿನ್ನುವುದು, ಪುಸ್ತಕವನ್ನು ಮುಂದಿನವರ ಕೈಗೆ ದಾಟಿಸಿ ಮನೆಗೆ ಹೋಗುವುದು.

ಈ ಕೂಟದ ಜೀವಾಳ ರೇಣು. ಅವಳು ಬಾಯಿ ತೆಗೆದರೆ ನಗದೆ ಕೂತವರಿಲ್ಲ. ಒಂದು ದಪ್ಪ ಪ್ರೇಮ ಕಾದಂಬರಿಯ ಮೇಲೆ, "ಇಬ್ಬರ ನಡುವ ಒಂದು ಫೋನ್ ಇದ್ದಿದ್ರ ಈ ಪುಸ್ತಕ ಹತ್ತು ಪಾನಿನಾಗ ಮುಗೀತಿತ್ತು ನೋಡ್ರಿ" ಎಂದಿದ್ದಳು. ದೆವ್ವದ ಕಾಮಿಕ್ಸ್ ಒಂದಕ್ಕೆ, "ಈ ದೆವ್ವಕ್ಕ ಬ್ಯಾರೆ ಉದ್ಯೋಗ ಇಲ್ಲ, ಬಾಗಲಾ ತಗಿಯೂದು, ಬಾಗಲಾ ಹಾಕೂದು. ನಮ್ಮ ಸೊಸೈಟಿ ವಾಚ್‌ಮನ್ ಇದಕಿಂತಾ ಹೆದರಸ್ತಾನ" ಎಂದಿದ್ದಳು. ಹೊಳಬಸಪ್ಪ ತಮ್ಮ ಪ್ರೀತಿಯ ರಾಜಮಹಾರಾಜರ ಕಾದಂಬರಿಗಳನ್ನು ಅವಳ ಕೈಗೆ ಕೊಡುವಾಗ ಹೆದರಿಕೊಂಡೇ ಕೊಡುತ್ತಿದ್ದರು. ಅವರ ನಾಲ್ಕು ಸಂಪುಟದ ಸಾಮ್ರಾಜ್ಯವನ್ನು ಇವಳು ಎರಡು ಮಾತಿನಲ್ಲಿ ಕೆಡವಿ ಹಾಕಿದ ದಿನ ರಾತ್ರಿ ಅವರು ಊಟ ಬಿಟ್ಟಿದ್ದರಂತೆ.

ಇದರಲ್ಲಿ ಒಂದು ಮಾತೂ ರೇಣುವಿನದಲ್ಲ. ಅವಳು ಆ ಪುಸ್ತಕಗಳನ್ನು ಓದಿಯೇ ಇರಲಿಲ್ಲ.

ಓದುತ್ತಿದ್ದವನು ಅವಳ ಗಂಡ ಮಹಾಂತೇಶ, ಎಲ್ಲರ ಬಾಯಲ್ಲಿ ಮಾಂತು. ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ನಾಲ್ಕು ಜನರ ಎದುರು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಒಮ್ಮೆ ಯಾವುದೋ ರಾಜ್ಯೋತ್ಸವದಲ್ಲಿ ವಂದನಾರ್ಪಣೆಗೆ ನಿಲ್ಲಿಸಿದ್ದರು. ಮೈಕಿನ ಮುಂದೆ ಅಂಗಿ ಒದ್ದೆಯಾಗುವಷ್ಟು ಬೆವರಿ, ಕೈ ಮುಗಿದು ಇಳಿದು ಬಂದಿದ್ದ. ಮನೆಯಲ್ಲಿ ಮಾತ್ರ ಅಬ್ಬಬ್ಬಾ! ರೇಣು ಹೊಲಿಗೆ ಮಷೀನಿನ ಮುಂದೆ ಕೂತು ಊರವರ ಸೀರೆಗಳಿಗೆ ಫಾಲು ಹಚ್ಚುತ್ತಿದ್ದರೆ ಇವನು ಪಕ್ಕದ ಸ್ಟೂಲಿನ ಮೇಲೆ ಕೂತು ಓದುವುದು, ಕಥೆ ಹೇಳುವುದು, ಬರೆದವನ ಚರ್ಮ ಸುಲಿಯುವುದು. ಅವಳ ಕಣ್ಣು, ಕೈ ಎರಡೂ ಸೀರೆಯ ಅಂಚಿನ ಮೇಲೆ, ಕಿವಿ ಮಾತ್ರ ಅವನ ಕಡೆ. ತಿಂಗಳ ಕೊನೆಗೆ ಆ ಮಾತುಗಳನ್ನು ಹೊತ್ತುಕೊಂಡು ಅವಳು ಹೊಳಬಸಪ್ಪನವರ ಮಹಡಿ ಹತ್ತುತ್ತಿದ್ದಳು. ಅವನು ಎದುರಿನ ಅಮೃತತುಲ್ಯ ಚಹಾದಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದ. ಅವಳು ಇಳಿದು ಬಂದ ಕೂಡಲೇ ಒಂದೇ ಪ್ರಶ್ನೆ: "ಏನಂದ್ರು? ಹೊಳಬಸಪ್ಪಗ ಸಿಟ್ಟ ಬಂತಿಲ್ಲೋ?" ಬಂದಿತ್ತು ಎಂದರೆ ಆ ದಿನ ಅವನಿಗೆ ಹಬ್ಬ.

ಪತ್ತೇದಾರಿ ಓದುವುದರಲ್ಲಿ ಮಾಂತುವಿಗೆ ಒಂದು ಪದ್ಧತಿ ಇತ್ತು. ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತುಬಿಡುವುದು. ಅಲ್ಲೊಂದು ಬಸ್ ಟಿಕೀಟು ಇಟ್ಟು ಪುಸ್ತಕ ಮುಚ್ಚಿ, ಕೊಲೆಗಾರ ಯಾರೆಂದು ಹೆಂಡತಿಗೆ ಹೇಳಿ, ನಿರುಮ್ಮಳವಾಗಿ ಮಲಗುವುದು. ಬೆಳಿಗ್ಗೆ ಚಹಾದ ಜೊತೆ ಉಳಿದದ್ದನ್ನು ಓದಿ ಅಡಿಗೆಮನೆಗೆ ಬಂದು, "ನಾ ಹೇಳಿದ್ನೋ ಇಲ್ಲೋ?" ಎನ್ನುವುದು. ಒಂದು ಸಲವೂ ಲೆಕ್ಕ ತಪ್ಪಿತೆಂದು ಅವನು ಹೇಳಿದ್ದಿಲ್ಲ. ರೇಣುವಿಗೆ ಇದರ ಬಗ್ಗೆ ಬಲು ಹೆಮ್ಮೆ. ಇಷ್ಟು ಬುದ್ಧಿ ಇದ್ದವನು ಲಾರಿ ಚೀಟಿ ಬರೆಯುತ್ತ ಕೂತನಲ್ಲ ಎಂದು ಸಂಕಟವೂ ಉಂಟು.

ಏಪ್ರಿಲ್‌ನಲ್ಲಿ ಒಂದು ದಿನ ಸಕ್ಕರೆ ಕಾರ್ಖಾನೆಯೊಳಗೆ ಕೊಲೆಯಾಗುವ ಕಾದಂಬರಿ ಓದುತ್ತಿದ್ದ. ಕೊನೆಯ ಅಧ್ಯಾಯಕ್ಕೆ ಬಂದಾಗ ಟಿಕೀಟು ಇಟ್ಟ. "ಕೊಲಿ ಮಾಡಿದಾಂವ ತೂಕದ ಮನಿ ಗುಮಾಸ್ತ. ಮಾತು ಕಡಿಮಿ ಇದ್ದಾಂವನ ಮ್ಯಾಲ ಯಾವಾಗ್ಲೂ ಕಣ್ಣಿಡಬೇಕು, ರೇಣು" ಎಂದು ಮಲಗಿದ. ಬೆಳಿಗ್ಗೆ ಚಹಾ ತಂದು ಕರೆದರೆ ಏಳಲಿಲ್ಲ. ನಿದ್ದೆಯಲ್ಲೇ ಎದೆ ನಿಂತಿದೆ ಎಂದರು ಡಾಕ್ಟರು.

ರೇಣು ಅಳಲಿಲ್ಲ. ಸೊಲ್ಲಾಪುರದಿಂದ ಮಗಳು ಬಂದು ತಬ್ಬಿಕೊಂಡು ಅತ್ತಳು, ಇಳಕಲ್ಲಿನಿಂದ ನಾದಿನಿಯರು ಬಂದು ಎದೆ ಬಡಿದುಕೊಂಡರು, ಇವಳು ಎಲ್ಲರಿಗೂ ಚಹಾ ಮಾಡಿ ಕೊಟ್ಟಳು. ಗಟ್ಟಿ ಹೆಂಗಸು ಎಂದು ಕೆಲವರು ಹೊಗಳಿದರು, ಕಲ್ಲು ಹೆಂಗಸು ಎಂದು ಕೆಲವರು ಮೂಗು ಮುರಿದರು. ಎರಡೂ ಅವಳ ಕಿವಿಗೆ ಬಿತ್ತು, ಎರಡೂ ಒಳಗೆ ಇಳಿಯಲಿಲ್ಲ. ಮಗಳು ಕಟ್ಟಕಡೆಗೆ ಹೊರಟುಹೋದ ಮೇಲೆ ರೇಣು ಅವನ ಊಟದ ಡಬ್ಬಿ ತೊಳೆದು ಅಡಿಗೆಮನೆಯ ಮೊಳೆಗೆ ತೂಗುಹಾಕಿದಳು. ಮರುದಿನ ಅದನ್ನೇ ಇಳಿಸಿ ಮತ್ತೆ ತೊಳೆದಳು. ದುಃಖ ಎಂದರೆ ಏನೋ ಉಕ್ಕಿ ಬರುತ್ತದೆ ಎಂದುಕೊಂಡಿದ್ದಳು. ಏನೂ ಬರಲಿಲ್ಲ. ತುಂಬ ಹೊತ್ತು ಕಾಲು ಮಡಚಿ ಕೂತಾಗ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಹಿಡಿದಿತ್ತು. ಸೀರೆಗಳು ಬರುತ್ತಿದ್ದವು, ಫಾಲು ಹಚ್ಚಿ ಕೊಡುತ್ತಿದ್ದಳು. ಸ್ಟೂಲನ್ನು ಅಲ್ಲಿಂದ ಎತ್ತಿಡಬೇಕು ಅನಿಸಲಿಲ್ಲ, ಇಡಬಾರದು ಅಂತಲೂ ಅನಿಸಲಿಲ್ಲ.

ಶ್ರಾವಣ ಬಂತು. ಕೂಟದ ಶಾಲಿನಿ ಎರಡು ಸೀರೆ ಹಿಡಿದುಕೊಂಡು ಮನೆಗೇ ಬಂದಳು. ತುಮಕೂರಿನ ಹುಡುಗಿ, ವಿಮಾನ ನಗರದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಸೀರೆ ನೆಪ ಎನ್ನುವುದು ಯಾರಿಗಾದರೂ ಗೊತ್ತಾಗುವಂತಿತ್ತು. ಆ ಹುಡುಗಿ ಸೀರೆ ಉಡುವುದನ್ನು ಯಾರೂ ಕಂಡಿರಲಿಲ್ಲ.

"ಆಂಟಿ, ಈ ಸಂಡೇ ನೀವು ಬರ್ಲೇಬೇಕು. ನೀವಿಲ್ದೆ ಯಾರೂ ಜಗಳಾನೇ ಆಡ್ತಿಲ್ಲ. ಹೊಳಬಸಪ್ಪ ಅಂಕಲ್ ಹೇಳಿದ್ದೇ ಹೇಳ್ತಾರೆ, ನಾವು ಹೂಂ ಅಂತೀವಿ. ಫುಲ್ ಬೋರು."

"ನಾ ಏನ ಓದಿಲ್ಲವಾ ಈಗ" ಎಂದಳು ರೇಣು. ಆ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂದು ಶಾಲಿನಿಗೆ ಏನು ಗೊತ್ತು!

"ಆ ಶುಗರ್ ಫ್ಯಾಕ್ಟರಿ ಮರ್ಡರ್ ನಿಮ್ಮ ಹತ್ರಾನೇ ಇದೆಯಲ್ವಾ? ಅದು ಮುಂದೆ ನಂಗೆ ಬರ್ಬೇಕು. ಉಳಿದವರೆಲ್ಲ ಓದಿಯಾಗಿದೆ. ಅದರ ಬಗ್ಗೆ ಹೇಳಿ ಸಾಕು."

ರೇಣು ಕಪಾಟಿನ ಕಡೆ ನೋಡಿದಳು. ಹಳದಿ ರಟ್ಟಿನ ಪುಸ್ತಕ, ಹೊರಗೆ ಇಣುಕುವ ಬಸ್ ಟಿಕೀಟು. ಮಾಂತು ಬಿಟ್ಟುಹೋದ ಅಭಿಪ್ರಾಯ ಅದೊಂದೇ ಉಳಿದಿತ್ತು. ಉಳಿದವನ್ನೆಲ್ಲ ಹೇಳಿ ಆಗಿತ್ತು, ಜನ ನಕ್ಕು ಆಗಿತ್ತು. ಇದನ್ನೂ ಹೇಳಿಬಿಟ್ಟರೆ ಅವನ ಬಾಯಿಂದ ಹೊಸದಾಗಿ ಇನ್ನೇನೂ ಬರುವುದಿಲ್ಲ. ಹೇಳದೆ ಇಟ್ಟುಕೊಂಡರೆ ಉಪ್ಪಿನಕಾಯಿಯ ಹಾಗೆ ಎಷ್ಟು ದಿನ ಇಟ್ಟುಕೊಳ್ಳುವುದು? ಅವಳು ಲೆಕ್ಕ ಹಾಕಿದಳು. ಹೋಗುವುದು, ಅವನ ಈ ಕೊನೆಯ ಅಭಿಪ್ರಾಯವನ್ನು ಚಂದವಾಗಿ ಹೇಳುವುದು, ಪುಸ್ತಕ ಕೊಟ್ಟು ನಮಸ್ಕಾರ ಮಾಡಿ ಬರುವುದು. ಆಮೇಲೆ ಆ ಮಹಡಿ ಹತ್ತುವ ಅಗತ್ಯವಿಲ್ಲ.

"ಬರ್ತೇನಿ" ಎಂದಳು.

ರವಿವಾರ ಜಿಟಿಜಿಟಿ ಮಳೆ. ಚಹಾದಂಗಡಿಯ ಮುಂದೆ ಬಂದಾಗ ಚಹಾದವನು ಗುರುತು ಹಿಡಿದು ಕೂಗಿದ. "ಕಾಯ್ ವಹಿನಿ, ಸಾಹೇಬ್ ಕುಠೇ? ದಿಸಲೇ ನಾಹೀತ್!" ಸಾಹೇಬರು ಎಲ್ಲಿ, ಕಾಣಿಸಲೇ ಇಲ್ಲವಲ್ಲ ಎಂದು ಅವನ ತಕರಾರು.

"ತೇ ಗೇಲೇ" ಎಂದಳು ರೇಣು. ಹೋದರು. ಮರಾಠಿಯಲ್ಲಿ ಎಷ್ಟು ಸಲೀಸಾಗಿ ಬಂತು ಆ ಮಾತು! ಬಸ್ ಹೋಯಿತು ಎಂದಷ್ಟೇ ಸಲೀಸು. ಚಹಾದವನು ಕೈಯಲ್ಲಿದ್ದ ಸೋಸುವ ಬಟ್ಟೆಯನ್ನು ಹಾಗೇ ಹಿಡಿದು ನಿಂತ. ಅವನ ಕಣ್ಣು ತುಂಬಿದ್ದನ್ನು ನೋಡಿ ಅವಳಿಗೆ ಸಂಕೋಚವಾಯಿತು. ಚಹಾದವನಿಗೆ ಬರುವ ನೀರು ಹೆಂಡತಿಗೆ ಬರುವುದಿಲ್ಲವೆಂದರೆ ಇದೆಂಥ ಹಣೆಬರಹ ಎಂದುಕೊಂಡು ರಸ್ತೆ ದಾಟಿ ಮೆಟ್ಟಿಲು ಹತ್ತಿದಳು.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ರುದ್ರವ್ವ ಎದ್ದು ಕೈಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. "ಬಾರವಾ, ಕುಂದ್ರು" ಎಂದದ್ದು ಬಿಟ್ಟರೆ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅದು ರೇಣುವಿಗೆ ಹಿತವಾಯಿತು.

ಹೊಳಬಸಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಅವರ ಕೈಯಲ್ಲಿ ಎಂದಿನಂತೆ ಒಂದು ಇಟ್ಟಿಗೆ ಗಾತ್ರದ ಐತಿಹಾಸಿಕ ಕಾದಂಬರಿ. "ಆರನೂರು ಪಾನಿನ ಪುಸ್ತಕ ನೋಡ್ರಿ. ಯುದ್ಧ ಆತು, ಸಂಧಾನ ಆತು, ಮತ್ತ ಯುದ್ಧ ಆತು. ಒಬ್ಬರರ ಒಮ್ಮೆರ ಊಟಾ ಮಾಡ್ಯಾರೇನ? ಅಷ್ಟು ದೊಡ್ಡ ಸೈನ್ಯಾ ಗಾಳಿ ಕುಡದು ಹೊಂಟದೇನ? ಒಂದು ಹಂಡೆ ಇಲ್ಲ, ಒಂದು ಕೊಪ್ಪರಿಗಿ ಇಲ್ಲ. ನನ್ನ ಕೇಳಿದ್ರ ಹೇಳ್ತಿದ್ದೆ, ಎಷ್ಟು ಮಂದಿಗೆ ಎಷ್ಟು ಭಾಂಡಿ ಬೇಕಂತ!"

"ರಾಜಗ ನಿಮ್ಮ ಅಂಗಡಿ ಗೊತ್ತಿರಲಿಲ್ಲ ಬಿಡ್ರಿ" ಎಂದಳು ರುದ್ರವ್ವ. ಅವಳ ಸರದಿ ಬೇಗ ಮುಗಿಯುತ್ತದೆ. ಸಂಸಾರದ ಕಾದಂಬರಿ ಬಿಟ್ಟು ಬೇರೆಯದನ್ನು ಮೆಚ್ಚುವವಳಲ್ಲ, ಅವಳ ಅಳತೆಗೋಲು ಒಂದೇ. "ಇದರಾಗ ಸೊಸಿ ಅಳ್ತಾಳ. ನನಗೂ ಅಳು ಬಂತು. ಚೊಲೊ ಪುಸ್ತಕ."

ಅಭಿಲಾಷ ಶಾಲಿನಿಯ ಆಫೀಸಿನವನು, ಮಂಡ್ಯದವನು. ಹಿಂದಿನಿಂದ ಮುಂದಕ್ಕೆ ಓದುವ ಜಪಾನಿನ ಕಾಮಿಕ್ಸ್ ಎಂದರೆ ಪ್ರಾಣ. ಕೊಲೆಗಾರರ ಹೆಸರು ಉದುರಿಸಿ ಅತಿ ಹೆಚ್ಚು ಸಲ ಲೋಣಾವಳಾ ಕಂಡವನೂ ಅವನೇ. "ಸರ್, ಇದ್ರಲ್ಲಿ ಈ ಪೇಜುಗಳು ನೋಡಿ. ಒಂದೇ ಒಂದು ಡೈಲಾಗ್ ಇಲ್ಲ. ಒಬ್ಬ ಸುಮ್ನೆ ಸ್ಟೇಷನ್ ಬೆಂಚ್ ಮೇಲೆ ಕೂತಿದಾನೆ, ಮಳೆ ಬರ್ತಿದೆ, ಅಷ್ಟೆ. ಇಡೀ ಬುಕ್ಕಲ್ಲಿ ನಂಗೆ ಸಖತ್ ಇಷ್ಟ ಆಗಿದ್ದು ಇದೇ."

"ಮಾತ ಇಲ್ಲಂದ್ರ ಓದೂದು ಏನೋ ತಮ್ಮಾ?" ಹೊಳಬಸಪ್ಪ ಪುಸ್ತಕವನ್ನು ತಿರುವಿ ಮುರುವಿ ನೋಡಿದರು.

"ಓದೋದಲ್ಲ ಸರ್, ಅವನ ಜೊತೆ ಸ್ವಲ್ಪ ಹೊತ್ತು ಕೂರೋದು."

"ಕುಂದ್ರಾಕ ಪುಸ್ತಕಾ ಯಾಕ ಬೇಕು, ನಮ್ಮನ್ಯಾಗ ಖುರ್ಚಿ ಅದಾವು."

ಎಲ್ಲರೂ ನಕ್ಕರು. ಪುಸ್ತಕ ಕೈ ದಾಟುತ್ತ ರೇಣುವಿನ ಬಳಿ ಬಂತು. ಬೆಂಚಿನ ಮೇಲಿನ ಮನುಷ್ಯ ಬೆನ್ನು ತಿರುಗಿಸಿ ಕೂತಿದ್ದ. ಅವಳು ನೋಡಿದಳು, ಮುಂದಕ್ಕೆ ಕೊಟ್ಟಳು. ಶಾಲಿನಿ ಒಂದು ದೆವ್ವದ ಕಾದಂಬರಿ ಓದಿದ್ದಳು. ದೆವ್ವ ಬಂದು ಸೇರಿಕೊಂಡದ್ದು ಥೇಟ್ ತನ್ನ ಅಪಾರ್ಟ್‌ಮೆಂಟಿನಂಥದ್ದೇ ಕಟ್ಟಡದಲ್ಲಿ, ಆದರೆ ಅಲ್ಲಿನ ಕಮಿಟಿಯವರನ್ನು ನೋಡಿ ದೆವ್ವವೇ ಮನೆ ಖಾಲಿ ಮಾಡಬೇಕಿತ್ತು ಎಂದು ವಾದಿಸಿದಳು. ಅದಕ್ಕೂ ನಗು. ರೇಣು ತುಟಿ ಅಗಲಿಸಿದಳು. ನಗುವುದು ಹೇಗೆಂದು ನೆನಪಿತ್ತು, ಯಾಕೆಂದು ಮರೆತುಹೋಗಿತ್ತು.

"ರೇಣು, ಹೇಳವಾ" ಎಂದರು ಹೊಳಬಸಪ್ಪ, ಎಂದಿಲ್ಲದ ಮೆತ್ತಗಿನ ದನಿಯಲ್ಲಿ.

ಅವಳು ಹಳದಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳತೊಡಗಿದಳು. ಮಾಂತುವಿನ ಮಾತುಗಳು ಒಂದರ ಹಿಂದೆ ಒಂದು ತಾವಾಗಿಯೇ ಬಂದವು. "ಇದನ್ನ ಬರದಾವಗ ಸಕ್ಕರಿ ಕಾರ್ಖಾನಿ ಭಾಳ ಚೊಲೊ ಗೊತ್ತದ್ರಿ, ಮನಷ್ಯಾರು ಗೊತ್ತಿಲ್ಲ. ಕಬ್ಬಿನ ವಾಸನಿ ಬರ್ತದ, ಬೆವರಿನ ವಾಸನಿ ಬರೂದಿಲ್ಲ. ಹೆಣಾ ಬಿದ್ದದ, ಕಾರ್ಖಾನಿಯವರೆಲ್ಲಾ ತಾಸಗಟ್ಟಲೆ ಭಾಷಣಾ ಮಾಡ್ತಾರ. ಅಷ್ಟು ಮಾತಾಡವರು ಕೆಲಸ ಯಾವಾಗ ಮಾಡ್ತಿದ್ರು, ಸಕ್ಕರಿ ಯಾವಾಗ ಆಗ್ತಿತ್ತು? ಪತ್ತೇದಾರ ಅಂತೂ ಚಹಾ ಕುಡದು ಕುಡದು ಅರ್ಧಾ ಪುಸ್ತಕಾ ಖಾಲಿ ಮಾಡ್ಯಾನ."

ನಗು ಎದ್ದಿತು. ಹೊಳಬಸಪ್ಪ ತೊಡೆ ತಟ್ಟಿಕೊಂಡರು. ಹಳೆಯ ರೇಣು ಬಂದಳು ಎಂದು ಅವರ ಮುಖದಲ್ಲಿ ಸಮಾಧಾನ ಕಂಡಿತು. ಇಲ್ಲಿಗೆ ನಿಲ್ಲಿಸಬೇಕಿತ್ತು, ಪ್ರತಿ ಸಲ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಆದರೆ ಅವನು ಹೇಳಿದ್ದು ಇಲ್ಲಿಗೆ ಮುಗಿದಿರಲಿಲ್ಲ. ಇನ್ನೆರಡು ಮಾತು ಉಳಿದಿದ್ದವು, ಅವನ ಬಾಯಿಂದ ಬಂದ ಕಟ್ಟಕಡೆಯ ಎರಡು ಮಾತು. ಅವನ್ನು ಗಂಟಲಲ್ಲೇ ಇಟ್ಟುಕೊಂಡು ಮೆಟ್ಟಿಲಿಳಿಯಲು ಅವಳಿಂದ ಆಗಲಿಲ್ಲ. ಕಾನೂನೂ ನೆನಪಿತ್ತು, ಚಿಕ್ಕಿಯೂ ನೆನಪಿತ್ತು. ಆದರೂ ಹೇಳಿದಳು.

"ಕೊಲಿ ಮಾಡಿದಾಂವ ತೂಕದ ಮನಿ ಗುಮಾಸ್ತ. ಮಾತು ಕಡಿಮಿ ಇದ್ದಾಂವನ ಮ್ಯಾಲ ಯಾವಾಗ್ಲೂ ಕಣ್ಣಿಡಬೇಕು."

"ಆಂಟೀ!" ಶಾಲಿನಿ ಕುರ್ಚಿಯಿಂದ ಜಿಗಿದಳು. "ನಾನಿನ್ನೂ ಓದೇ ಇಲ್ಲ! ಹೇಳ್ಬಿಟ್ರಲ್ಲಾ! ಚಿಕ್ಕಿ! ಚಿಕ್ಕಿ! ಅಂಕಲ್, ದಂಡ ಹಾಕಿ!"

ಬೇರೆ ದಿನವಾಗಿದ್ದರೆ ಅಭಿಲಾಷ ಸಿಳ್ಳೆ ಹಾಕಿ ಲೋಕಲ್ ರೈಲಿನ ವೇಳೆ ಹೇಳುತ್ತಿದ್ದ. ಈಗ ಅವನು ತನ್ನ ಮೊಬೈಲ್ ನೋಡುತ್ತ ಕೂತ. ರುದ್ರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಹೊಳಬಸಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಸ್ವಚ್ಛವಾಗಿಯೇ ಇತ್ತು.

"ಏನಾತ್ರಿ?" ಎಂದಳು ರೇಣು. "ದಂಡಾ ಕೇಳ್ರಿ. ನಾ ತರ್ತೇನಿ."

"ಇರ್ಲಿ ಬಿಡವಾ" ಎಂದರು ಹೊಳಬಸಪ್ಪ. "ದಂಡಾ ಬೀಳೂದಿಲ್ಲ. ಉಪ್ಪಿಟ್ಟು ಆರತದ, ತಿನ್ರಿ ಎಲ್ಲಾರೂ."

ದಂಡ ಬೀಳುವುದಿಲ್ಲ. ಕೀಟಲೆಗೆ ದಂಡ ಬೀಳುವುದಿಲ್ಲ, ತಪ್ಪು ಹೆಸರು ಹೇಳಿದರೆ ದಂಡ ಬೀಳುವುದಿಲ್ಲ. ರೇಣುವಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಎದೆಯೊಳಗೆ ಧಸಕ್ಕೆಂದಿತು. ಎಷ್ಟೋ ತಿಂಗಳಿನಿಂದ ಅಲ್ಲಿ ಏನೂ ಧಸಕ್ಕೆಂದಿರಲಿಲ್ಲ.

"ಅಂವಾ ಅಲ್ಲೇನ್ರಿ?"

ಶಾಲಿನಿ ಒಬ್ಬೊಬ್ಬರ ಮುಖ ನೋಡಿ, ಏನೋ ಹೊಳೆದು, ಎರಡೂ ಕಿವಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. "ನಂಗೇನೂ ಕೇಳಿಸ್ತಿಲ್ಲ, ಹೇಳಿ" ಎಂದಳು.

"ಅಂವಾ ಅಲ್ಲವಾ" ಎಂದಳು ರುದ್ರವ್ವ ಮೆಲ್ಲಗೆ. "ಮಾಲಕನ ಅಳಿಯಾ. ಮೊದಲಿನ ಪಾನಿನಿಂದ ಬಡಬಡಾ ಮಾತಾಡ್ತಾನಲ್ಲಾ, ಅಂವಾ."

ರೇಣು ಕೇಳಿದಳು, "ಹೋದ ವರ್ಷ ಆ ಲಾಡ್ಜಿನ ಕೊಲಿ ಓದಿದ್ವೆಲ್ರಿ. ಅದರಾಗ ಅಡಗಿಯಾಂವ ಹೌದಲ್ಲೋ? ಮೂಕನಂಗ ಇರ್ತಿದ್ನೆಲ್ಲಾ, ಅಂವಾ?"

"ಅಲ್ಲ ಆಂಟಿ, ಮ್ಯಾನೇಜರ್" ಎಂದ ಅಭಿಲಾಷ ಅಂಜುತ್ತ.

"ನಾಟಕ ಕಂಪನಿ ಪುಸ್ತಕದಾಗ? ಪರದೆ ಎಳಿಯಾಂವ?"

"ಹೀರೋಯಿನ್ ಅಣ್ಣ."

"ಭೋರ್ ಕಡೆ ಗುಡ್ಡದಾಗ ಒಂದು ಬಂಗಲೆ ಇತ್ತಲ್ರಿ, ಮುದುಕಿ ಹೆಣಾ ಸಿಗ್ತದ. ಅದರಾಗ ಮಾಲಿ? ಮಾಲಿ ಹೌದಲ್ರಿ?"

ಹೊಳಬಸಪ್ಪ ಇಲ್ಲವೆಂದು ತಲೆಯಾಡಿಸಿದರು. "ಡಾಕ್ಟರ. ಯಾಕವಾ, ನೀನ ಅಲ್ಲೇನ ಎಲ್ಲಾ ಓದಿ ಅಭಿಪ್ರಾಯ ಹೇಳಿದಾಕಿ?"

"ಕಳ್ಳ!" ಎಂದಳು ರೇಣು.

ಎಷ್ಟು ಜೋರಾಗಿ ಎಂದರೆ ಕಿವಿ ಮುಚ್ಚಿಕೊಂಡಿದ್ದ ಶಾಲಿನಿ ತಿರುಗಿ ನೋಡಿದಳು. "ಕಳ್ಳ ನನ್ನ ಗಂಡ! ದಿನಾ ಮುಂಜಾನೆ ಅಡಗಿಮನಿಗೆ ಬಂದು, ನಾ ಹೇಳಿದ್ನೋ ಇಲ್ಲೋ ಅಂತಿದ್ದ. ನಾ ಖರೇ ಅಂತ ನಂಬಿದ್ನೆಲ್ರಿ! ಒಂದರ ಸಲ ಪುಸ್ತಕಾ ತಗದು ನೋಡಿದೆನೇನ? ಎಲ್ಲಾ ತಪ್ಪು! ಒಂದೂ ಬರೋಬ್ಬರಿ ಇಲ್ಲ!" ಅವಳಿಗೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ನಗುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಫೋನಿನ ಮಾತು ಅವನದು, ವಾಚ್‌ಮನ್ನಿನ ಮಾತು ಅವನದು, ಹೊಳಬಸಪ್ಪನವರ ಸಾಮ್ರಾಜ್ಯ ಕೆಡವಿದವನೂ ಅವನೇ. ತಾನು ಫಾಲು ಹಚ್ಚಿದವಳು ಅಷ್ಟೇ.

ಹೊಳಬಸಪ್ಪನವರ ಮುಖ ಕೆಂಪಗಾಯಿತು. "ಮಾಂತು? ಆ ಮಾಂತು? ಎದುರಿಗಿನ ಬೆಂಚಿನ ಮ್ಯಾಲ ಎಷ್ಟು ಸಲ ನನ್ನ ಬಾಜೂ ಕುಂತು ಚಹಾ ಕುಡದಾನ! ಮಳಿ ಬಂತ್ರಿ, ಮಳಿ ಹೋತ್ರಿ, ಇಷ್ಟ ಅಂವನ ಮಾತು. ಆ ನಾಕು ಸಂಪುಟಕ್ಕ ಉತ್ತರಾ ಯೋಚನಿ ಮಾಡಿ ಇಟ್ಟೇನಿ ನಾನು, ಇನ್ನೂ ಹೇಳೂದು ಅದ! ಇನ್ನ ಯಾರಿಗೆ ಹೇಳ್ಲಿ?" ಸಿಟ್ಟಿನಿಂದಲೇ ಶುರುವಾದ ಮಾತು ಕೊನೆಗೆ ಬರುವಾಗ ಒಡೆದುಹೋಯಿತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು.

ರೇಣುವಿನ ನಗು ನಿಂತಿತು. ಪುಸ್ತಕವನ್ನು ಶಾಲಿನಿಗೆ ಕೊಡಲೆಂದು ಎತ್ತಿದವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಈಗ ಕೊಡೂದಿಲ್ಲವಾ. ನಾ ಇನ್ನೂ ಓದಿಲ್ಲ."

ಯಾರೂ ತಡೆಯಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ರಸ್ತೆ ದಾಟಿದಳು. ಚಹಾದವನು ಕೇಳದೆಯೇ ಒಂದು ಚಹಾ ತಂದಿಟ್ಟ. ಬೆಂಚಿನ ಗೋಡೆ ಕಡೆಯ ತುದಿ ಮಾಂತುವಿನ ಜಾಗ. ಅವಳು ಅದನ್ನು ಬಿಟ್ಟು ಈ ತುದಿಗೆ ಕೂತಳು. ತಗಡಿನಿಂದ ಮಳೆನೀರು ಇಳಿಯುತ್ತಿತ್ತು. ಬಸ್ ಟಿಕೀಟು ತೆಗೆದು ಕೊನೆಯ ಅಧ್ಯಾಯ ಬಿಚ್ಚಿದಳು. ಎಷ್ಟೋ ವರ್ಷದ ಮೇಲೆ ಕಥೆ ಓದುತ್ತಿದ್ದಳು, ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಓದಿದಳು.

ಅಳಿಯನೇ. ಎಷ್ಟು ಸ್ಪಷ್ಟವಾಗಿ ಅವನೇ! ರಕ್ತದ ಕಲೆ, ಕೋಣೆಯ ಕೀಲಿ, ಎಲ್ಲ ಅವನ ಕಡೆಗೇ ಬೆರಳು ತೋರಿಸುತ್ತಿದ್ದವು. ಮಾಂತು ಹೇಳಿದ ಕಥೆಯಲ್ಲಿ ಅವೆಲ್ಲ ಬಂದಿದ್ದವು, ಫಾಲು ಹಚ್ಚುತ್ತ ಕೇಳಿದ್ದ ಅವಳಿಗೇ ಈಗ ನೆನಪಾಯಿತು. ಇವನಿಗೆ ಯಾಕೆ ಕಾಣಲಿಲ್ಲ? ಅವಳಿಗೆ ಸಿಟ್ಟು ಬಂತು, ಎದುರಿಗಿದ್ದಿದ್ದರೆ ಪುಸ್ತಕದಿಂದಲೇ ಎರಡು ಕೊಡುತ್ತಿದ್ದಳು. ಅಳಿಯನನ್ನು ಪೊಲೀಸರು ಕರೆದೊಯ್ದರು. ಪತ್ತೇದಾರ ಇನ್ನೊಂದು ಚಹಾ ಕುಡಿದ. ಮುಗಿಯಿತು ಅಂದುಕೊಂಡರೆ ಇನ್ನೂ ಅರ್ಧ ಪುಟ ಉಳಿದಿತ್ತು.

ಆ ಅರ್ಧ ಪುಟದಲ್ಲಿ ತೂಕದ ಮನೆಯ ಗುಮಾಸ್ತನಿದ್ದ. ಸಂಶಯದ ಮೇಲೆ ಹಿಡಿದಿದ್ದ ಅವನನ್ನು ಠಾಣೆಯಿಂದ ಬಿಟ್ಟು ಕಳಿಸಿದ್ದರು. ಯಾರೂ ಅವನ ಕ್ಷಮೆ ಕೇಳಲಿಲ್ಲ, ಅವನೂ ಯಾರಿಗೂ ಏನೂ ಹೇಳಲಿಲ್ಲ. ಕಾರ್ಖಾನೆಗೆ ಹೋಗಿ ತೂಕದ ಮನೆಯ ಮೊಳೆಗೆ ತೂಗುಹಾಕಿದ್ದ ತನ್ನ ಊಟದ ಡಬ್ಬಿ ತೆಗೆದುಕೊಂಡ. ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ಕಬ್ಬಿನ ಗಾಡಿಗಳ ಪಕ್ಕದಲ್ಲಿ ನಡೆಯುತ್ತ ಮನೆಗೆ ಹೋದ. ಅಲ್ಲಿಗೆ ಪುಸ್ತಕ ಮುಗಿಯಿತು.

ರೇಣು ಪುಸ್ತಕ ಮುಚ್ಚಿದಳು. ಗೋಡೆ ಕಡೆಯ ಖಾಲಿ ತುದಿಗೆ ತಿರುಗಿ, ಪಕ್ಕದಲ್ಲಿ ಕೂತವನಿಗೆ ಹೇಳುವಂತೆ ಗಟ್ಟಿಯಾಗಿಯೇ ಹೇಳಿದಳು.

"ತಪ್ಪು ಹೇಳಿದ್ರಿ ನೀವು. ಅಂವಾ ಏನೂ ಮಾಡಿಲ್ಲ. ಮನಿಗೆ ಹೋಗ್ಯಾನ."

ಆಮೇಲೆ ಅವಳಿಗೆ ಅಳು ಬಂತು. ಚಹಾದವನು ಅಂಗಡಿಯ ರೇಡಿಯೋ ಸಣ್ಣಗೆ ಮಾಡಿ, ಆರಿದ ಲೋಟವನ್ನು ಎತ್ತಿಕೊಂಡು ಹೋದ.